ಹೆಬ್ಬೆಟ್ಟು ಒತ್ತುವ ಮುಂಚೆ ಷರತ್ತು ಬರೆಸಿರಿ



ಬೆಲೆಯ ಬಗ್ಗೆ, ಸಾಲದ ಬಗ್ಗೆ ಬಹಳ ಮಾತಾಡಿದ್ದೇವೆ. ಸರಕಾರ ಸುಲಿಯುತ್ತದೆ, ದಲಾಲಿ ಸುಲಿಯುತ್ತಾನೆ ಅಂತ ಕೂಗಿದ್ದೇವೆ. ಇವತ್ತು ನಮ್ಮ ಮನೆಯೊಳಗಿನ ಸುಲಿಗೆಯ ಮಾತು ಆಡಬೇಕಾಗಿದೆ. ಸಿಟ್ಟಾಗಬೇಡ್ರಿ.

ಬಾದಾಮಿ, ಹುನಗುಂದ, ಇಳಕಲ್ ಕಡೆ ಇದು ಹೆಂಗ ನಡೀತದ ಅನ್ನೋದು ನಿಮಗೇ ಗೊತ್ತು. ಅಪ್ಪನಿಗೆ ಎಪ್ಪತ್ತೈದು ದಾಟಿರುತ್ತದೆ, ಕಣ್ಣು ಮಂಜು. ‘ಸೊಸೈಟಿ ಸಾಲದ ಕಾಗದಕ್ಕೆ ಸಹಿ ಬೇಕು, ಬಾ ಯಪ್ಪಾ’ ಅಂತ ಮಗ ಕರೆದೊಯ್ಯುತ್ತಾನೆ. ಹೆಬ್ಬೆಟ್ಟು ಬೀಳುತ್ತದೆ. ಬಿದ್ದದ್ದು ದಾನಪತ್ರದ ಮೇಲೆ. ಮುಂದಿನ ಉತಾರದಾಗ ಅಪ್ಪನ ಹೆಸರೇ ಇರುವುದಿಲ್ಲ. ಅವ್ವನಿಂದಾದರೆ ಹಕ್ಕು ಬಿಡುಗಡೆ ಪತ್ರ. ಆಮೇಲೆ ರೊಟ್ಟಿಗೂ ಗುಳಿಗೆಗೂ ಸೊಸೆಯ ಮುಖ ನೋಡಬೇಕು. ಕೆಲವು ಕಡೆ ಹೊಲ ಅಪ್ಪನ ಹೆಸರಿನಲ್ಲೇ ಉಳಿಯುತ್ತದೆ, ಆದರೆ ಅದರ ಮೇಲೆ ಮಗ ಎತ್ತಿದ ಸಾಲದ ಬೋಜಾ ಕೂತಿರುತ್ತದೆ. ನೋಟಿಸು ಬರುವುದು ಮುದುಕನಿಗೆ.

ಮಕ್ಕಳೆಲ್ಲ ಕಟುಕರು ಅಂತ ನಾನು ಹೇಳುವುದಿಲ್ಲ. ಉಳ್ಳಾಗಡ್ಡಿ ದರ ಬಿದ್ದು, ಸಾಲ ಕೊಟ್ಟವ ಬಾಗಿಲಿಗೆ ಬಂದು ನಿಂತಾಗ ಕೈಗೆ ಸಿಗುವುದು ಅಪ್ಪನ ಹೊಲ ಒಂದೇ. ಆದರೂ ಮುದುಕರ ಅನ್ನ ಕಸಿದು ಸಾಲ ತೀರಿಸುವುದು ನ್ಯಾಯವೇನ್ರೀ?

ಈಗ ಆಸೆ ಇನ್ನೂ ಹೆಚ್ಚಿದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ, ಕೃಷ್ಣಾ ಮೇಲ್ದಂಡೆ ಮೂರನೇ ಹಂತದಲ್ಲಿ ಮುಳುಗುವ ನೀರಾವರಿ ಹೊಲಕ್ಕೆ ಎಕರೆಗೆ 40 ಲಕ್ಷ, ಒಣಬೇಸಾಯದ ಹೊಲಕ್ಕೆ 30 ಲಕ್ಷ ರೂಪಾಯಿ ಪರಿಹಾರ ಗೊತ್ತು ಮಾಡಿತು. ಉತಾರದಲ್ಲಿ ಯಾರ ಹೆಸರಿದೆಯೋ ಅವರ ಹೆಬ್ಬೆಟ್ಟಿಗೆ ಈಗ ಬೆಲೆ ಬಂದಿದೆ. ಹಣ ಬಂದರೆ ಹಿರಿಯರ ಪಾಲು ಹಿರಿಯರ ಹೆಸರಿನಲ್ಲೇ ಠೇವಣಿ ಇಡಿಸಿರಿ.

ಕಾನೂನು ಏನು ಹೇಳ್ತದ? ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗೆ 2007ರಲ್ಲಿ ಒಂದು ಕಾಯ್ದೆ ಬಂತು. ಅದರ 23ನೇ ಕಲಂ ನಮಗೆ ಮುಖ್ಯ. ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಆಸ್ತಿ ಪಡೆದವನು ನೋಡಿಕೊಳ್ಳದಿದ್ದರೆ, ಆ ವರ್ಗಾವಣೆ ಮೋಸದಿಂದ ಆದದ್ದು ಎಂದು ತಿಳಿದು ರದ್ದು ಮಾಡಬಹುದು. ಕಾಯ್ದೆ ಜಾರಿಗೆ ಬರುವ ಮುಂಚಿನ ಪತ್ರಗಳಿಗೆ ಇದು ಹತ್ತುವುದಿಲ್ಲ, ಅವಕ್ಕೆ ಸಿವಿಲ್ ಕೋರ್ಟೇ ದಾರಿ.

‘ಷರತ್ತು’ ಎಂಬ ಈ ಒಂದು ಶಬ್ದದ ಮೇಲೆ ಎಲ್ಲ ನಿಂತಿದೆ. ಷರತ್ತು ಇತ್ತೆಂದು ತೋರಿಸದಿದ್ದರೆ ದಾನಪತ್ರ ರದ್ದಾಗದು ಎಂದು 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. 2025ರ ಜನವರಿ 2ರಂದು ಅದೇ ಕೋರ್ಟು ಮಧ್ಯಪ್ರದೇಶದ ಒಬ್ಬ ತಾಯಿಗೆ ಆಸ್ತಿ ತಿರುಗಿ ಕೊಡಿಸಿತು. ಆಕೆ ಮಗನಿಂದ ಬೇರೆ ಕಾಗದದ ಮೇಲೆ ವಚನ ಬರೆಸಿಕೊಂಡಿದ್ದಳು. ಆ ಕಾಗದವೇ ಆಕೆಯನ್ನು ಉಳಿಸಿತು.

ಆದ್ದರಿಂದ ಕೊಡಲೇಬೇಕಾದರೆ ‘ನಾನು ಬದುಕಿರುವತನಕ ನನ್ನ ಊಟ, ವಸತಿ, ಔಷಧೋಪಚಾರ ನೋಡಿಕೊಳ್ಳಬೇಕು, ತಪ್ಪಿದರೆ ಈ ದಾನ ರದ್ದು’ ಎಂದು ಪತ್ರದೊಳಗೇ ಬರೆಸಿರಿ. ‘ಮಗನ ಮೇಲೆ ನಂಬಿಕೆ ಇಲ್ಲೇನು?’ ಅಂತ ಯಾರಾದರೂ ಕೇಳಿದರೆ, ನಂಬಿಕೆ ಇದ್ದವನಿಗೆ ಆ ಸಾಲು ಭಾರವಾಗುವುದಿಲ್ಲ ಅನ್ನಿರಿ. ಅದಕ್ಕಿಂತ ಮೃತ್ಯುಪತ್ರ ಮೇಲು. ಸಾಯುವತನಕ ಹೊಲ ನಿಮ್ಮದೇ, ಮನಸ್ಸು ಬದಲಾದರೆ ಪತ್ರವನ್ನೂ ಬದಲಿಸಬಹುದು.

ಈಗಾಗಲೇ ಮೋಸ ಹೋದವರು ಉಪವಿಭಾಗಾಧಿಕಾರಿಗೆ, ಅಂದರೆ ನಾವು ಎ.ಸಿ. ಸಾಹೇಬರು ಅಂತೀವಲ್ಲ, ಅವರಿಗೆ ಅರ್ಜಿ ಕೊಡಬೇಕು. ಬಾದಾಮಿ, ಹುನಗುಂದ, ಇಳಕಲ್‌ನವರು ಇದಕ್ಕೆ ಬಾಗಲಕೋಟೆಗೇ ಹೋಗಬೇಕು. ವಕೀಲರು ಬೇಕೇಬೇಕು ಅಂತಿಲ್ಲ. ನಡೆಯಲಾಗದವರ ಪರವಾಗಿ ಅವರು ಒಪ್ಪಿದ ಬೇರೆಯವರೂ ಅರ್ಜಿ ಹಾಕಬಹುದು. ಜೀವನಾಂಶದ ಅರ್ಜಿಯನ್ನು ನೋಟಿಸು ಮುಟ್ಟಿಸಿ 90 ದಿನದೊಳಗೆ ತೀರಿಸಬೇಕೆಂದು ಕಾಯ್ದೆಯಲ್ಲಿದೆ, ಹೆಚ್ಚೆಂದರೆ ಇನ್ನು 30 ದಿನ. ಅಲ್ಲಿ ಸೋತ ಹಿರಿಯರಿಗೆ 60 ದಿನದೊಳಗೆ ಮೇಲ್ಮನವಿ ಉಂಟು. ಹೊಡೆದು ಬೆದರಿಸಿ ಸಹಿ ಮಾಡಿಸಿದ್ದರೆ ಪೊಲೀಸರಿಗೆ ದೂರು ಕೊಡಿರಿ. ಏನು ಮಾಡಬೇಕೆಂದು ತಿಳಿಯದವರು 14567ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಸಲಹೆ ಸಿಗುತ್ತದೆ.

ಕಾಯ್ದೆ ಇದ್ದೂ ಮುದುಕರು ಹೋಗುವುದಿಲ್ಲ. ‘ಮಗನ ಮೇಲೆ ಕೇಸು ಹಾಕಿದ’ ಅಂತ ಊರು ನಗುತ್ತದೆ. ಆ ಊರು ಅಂದರೆ ನಾವೇ ಅಲ್ಲವೇನ್ರೀ? ಗುಡಿಯ ಕಟ್ಟೆಯ ಮೇಲೆ ಕೂತು ನಗುವ ಬದಲು ಆ ಹಿರಿಯರ ಜೊತೆ ಬಾಗಲಕೋಟೆಯ ಬಸ್ ಹತ್ತಬೇಕು. ಹೊರಡುವ ಮುಂಚೆ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಪತ್ರದ ದೃಢೀಕೃತ ನಕಲು ತೆಗೆಸಿರಿ. ಇಸ್ವಿ ನೋಡಿರಿ, ಷರತ್ತಿನ ಸಾಲು ಹುಡುಕಿರಿ. ಸಾಲು ಸಿಗದಿದ್ದರೆ, ಬೇರೆ ಕಾಗದದ ಮೇಲೇನಾದರೂ ಬರೆದದ್ದು ಉಂಟೇನು ಎಂದು ಆ ಅಜ್ಜನ ಟ್ರಂಕಿನಲ್ಲಿ ನೋಡಿಸಿರಿ.