ದೋಷಗಳ ದಿನಚರಿ



ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಡೊನಾಲ್ಡ್ ಕ್ನೂತ್ ಅವರು, ತಮ್ಮ ಗ್ರಂಥವೊಂದರ ಹೊಸ ಆವೃತ್ತಿಯ ಅಚ್ಚಿನ ಕರಡು ಕಣ್ಣಿಗೆ ಒಪ್ಪದೆ ಹೋದುದರಿಂದ, ಗಣಿತಗ್ರಂಥಗಳನ್ನು ಅಂದವಾಗಿ ಮುದ್ರಣಕ್ಕೆ ಅಣಿಗೊಳಿಸಬಲ್ಲ ತಂತ್ರಾಂಶವನ್ನು ತಾವೇ ರಚಿಸಲು 1977ರಲ್ಲಿ ತೊಡಗಿದರು. ಟೆಕ್ ಎಂದು ಅದರ ಹೆಸರು. ಕಾರ್ಯವು ಸಾಗಿದಂತೆಲ್ಲ ಕಂಡುಬಂದ ಪ್ರತಿಯೊಂದು ದೋಷವನ್ನೂ, ಅದು ಬರಿಯ ಅಕ್ಷರಸ್ಖಾಲಿತ್ಯವಾಗಿರಲಿ, ಆಲೋಚನೆಯ ಬುಡದಲ್ಲಿಯೇ ಅಡಗಿದ್ದ ಪ್ರಮಾದವಾಗಿರಲಿ, ಹತ್ತು ವರ್ಷಗಳ ಕಾಲ ತಪ್ಪದೆ ಬರೆದಿರಿಸಿ, 850ಕ್ಕೂ ಮಿಕ್ಕ ಆ ಪಟ್ಟಿಯನ್ನು 15 ವರ್ಗಗಳಾಗಿ ವಿಂಗಡಿಸಿ, 1989ರಲ್ಲಿ ವಿದ್ವತ್ಪತ್ರಿಕೆಯೊಂದರಲ್ಲಿ ಸಮಗ್ರವಾಗಿ ಪ್ರಕಟಿಸಿದರು. ಟ್ಯೂರಿಂಗ್ ಪ್ರಶಸ್ತಿಗೆ 1974ರಲ್ಲಿಯೇ ಭಾಜನರಾಗಿದ್ದ ವಿದ್ವಾಂಸರೊಬ್ಬರು ತಮ್ಮ ಸ್ಖಾಲಿತ್ಯಗಳನ್ನು ಹೀಗೆ ಲೋಕದ ಮುಂದಿರಿಸಿದುದು ನನಗೆ ಅವರ ಪ್ರತಿಭೆಯಷ್ಟೇ ಪೂಜ್ಯವೆನಿಸುತ್ತದೆ. ಸದ್ದಿಲ್ಲದೆ ತಿದ್ದಿದ ದೋಷದಿಂದ ಆ ಒಂದು ಪ್ರೋಗ್ರಾಂ ಮಾತ್ರ ಉದ್ಧಾರವಾದೀತು. ಕಾರಣಸಹಿತವಾಗಿ ಬರೆದಿಟ್ಟ ದೋಷವಾದರೋ ಮುಂದಿನವರಿಗೆ ಪಾಠವಾಗುತ್ತದೆ.

ಅವರು ಅಷ್ಟಕ್ಕೇ ನಿಲ್ಲಲಿಲ್ಲ. ತಮ್ಮ ಪುಸ್ತಕಗಳಲ್ಲಿ ಹೊಸದೊಂದು ತಪ್ಪನ್ನು ಮೊದಲು ತೋರಿಸಿಕೊಟ್ಟವರಿಗೆ 2.56 ಡಾಲರುಗಳ ಚೆಕ್ಕನ್ನು ಕಳುಹಿಸುತ್ತಿದ್ದರು. ಟೆಕ್‌ನಲ್ಲಿನ ದೋಷಕ್ಕೆ ಕೊಡುವ ಬಹುಮಾನವು ವರ್ಷದಿಂದ ವರ್ಷಕ್ಕೆ ಇಮ್ಮಡಿಯಾಗುತ್ತ 327.68 ಡಾಲರುಗಳಿಗೆ ಬಂದು ನಿಂತಿತು. ಪಡೆದವರಲ್ಲಿ ಅನೇಕರು ಆ ಚೆಕ್ಕನ್ನು ಬ್ಯಾಂಕಿಗೆ ಒಯ್ಯದೆ ಚೌಕಟ್ಟು ಹಾಕಿಸಿ ಇಟ್ಟುಕೊಂಡರು.

ತಪ್ಪನ್ನು ಒಪ್ಪಿಕೊಳ್ಳುವ ಈ ರೀತಿಗೆ ವಿಪರೀತವಾದ ನಡತೆಯ ಪರಿಣಾಮವನ್ನೂ ಲೋಕವು ಕಂಡಿದೆ. ಥೆರಾಕ್-25 ಎಂಬ, ತಂತ್ರಾಂಶದ ನಿಯಂತ್ರಣದಲ್ಲಿದ್ದ ವಿಕಿರಣಚಿಕಿತ್ಸೆಯ ಯಂತ್ರವು 1985ರಿಂದ 1987ರವರೆಗೆ ಅಮೆರಿಕ ಮತ್ತು ಕೆನಡಾ ದೇಶಗಳಲ್ಲಿ ಆರು ಮಂದಿ ರೋಗಿಗಳ ಮೇಲೆ, ವಿಹಿತವಾದುದಕ್ಕಿಂತ ಹಲವು ಪಟ್ಟು ಪ್ರಬಲವಾದ ಕಿರಣಗಳನ್ನು ಹಾಯಿಸಿತು, ಪ್ರಾಣಹಾನಿಯೂ ಆಯಿತು. ದೂರುಗಳು ಬಂದಾಗ, ಅಂಥ ಪ್ರಮಾದವು ಈ ಯಂತ್ರದಿಂದ ಅಸಂಭವವೆಂದೇ ತಯಾರಕರು ಉತ್ತರಿಸಿದರು. ಕಡೆಗೆ ಟೆಕ್ಸಸ್ ಪ್ರಾಂತದ ಆಸ್ಪತ್ರೆಯೊಂದರ ಭೌತವಿಜ್ಞಾನಿಯೂ ಯಂತ್ರವನ್ನು ನಡೆಸುತ್ತಿದ್ದ ನಿರ್ವಾಹಕರೂ ಪಟ್ಟುಹಿಡಿದು ಪರೀಕ್ಷಿಸಿ, ಪರದೆಯ ಮೇಲಿನ ಚಿಕಿತ್ಸಾವಿವರವನ್ನು ವೇಗವಾಗಿ ತಿದ್ದಿದಾಗ ಈ ಅನರ್ಥವು ಸಂಭವಿಸುವುದೆಂದು ತೋರಿಸಿಕೊಟ್ಟರು. ಪ್ರೋಗ್ರಾಮಿನೊಳಗಿನ ದೋಷಕ್ಕಿಂತಲೂ, ಅದು ಇರಲಾರದೆಂದ ಆ ಮಾತೇ ಹೆಚ್ಚು ಘೋರವಾದುದೆಂದು ನಾನು ಎಣಿಸುತ್ತೇನೆ. ಏಕೆಂದರೆ ಆ ಮಾತನ್ನು ನಂಬಿದವರು ಮತ್ತೆ ರೋಗಿಗಳನ್ನು ಅದೇ ಯಂತ್ರದಡಿ ಮಲಗಿಸಿದರು.

ಇಂದು ನಮ್ಮ ಬೆಂಗಳೂರಿನಲ್ಲಿ ತಂತ್ರಾಂಶದ ಕೆಲಸವನ್ನೇ ಜೀವನೋಪಾಯವಾಗಿ ಕೈಗೊಂಡವರು ಅಸಂಖ್ಯ. ಅವರ ಮೇಲ್ವಿಚಾರಕರಲ್ಲಿ ನನ್ನದೊಂದು ವಿಜ್ಞಾಪನೆ: ಯಾವ ತರುಣನಾಗಲಿ ತರುಣಿಯಾಗಲಿ, ನನ್ನಿಂದ ತಪ್ಪಾಯಿತೆಂದು ತಾನಾಗಿ ಬಂದು ಹೇಳಿದಾಗ, ದಯವಿಟ್ಟು ಅವರನ್ನು ದಂಡಿಸಬೇಡಿರಿ, ಅವರ ಮಾತನ್ನು ಪೂರ್ಣವಾಗಿ ಕೇಳಿ, ಬರೆದಿಟ್ಟುಕೊಳ್ಳಿರಿ.