ಮೊದಲ ಪಾಠದ ಗುರು
(ಶತಮಾನೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಶಾಲೆಗೆ ನೂರು ತುಂಬಿದ ಈ ಶುಭದಿನದಂದು ನಾಲ್ಕು ಶತಮಾನಗಳಿಗೂ ಮಿಗಿಲಾಗಿ ಪಾಠ ಹೇಳುತ್ತಿರುವ ಗುರುವೊಬ್ಬರನ್ನು ಸ್ಮರಿಸಬಯಸುತ್ತೇನೆ. ಅವರೇ ಪುರಂದರದಾಸರು.

ಶ್ರೀನಿವಾಸ ನಾಯಕನೆಂಬ ಧನಿಕ ವರ್ತಕನು ಸಂಪತ್ತನ್ನು ತೊರೆದು, ವ್ಯಾಸರಾಯರ ಶಿಷ್ಯನಾಗಿ, ತಂಬೂರಿ ಹಿಡಿದ ಕಥೆ ತಮಗೆ ತಿಳಿದದ್ದೇ. 1564ರಲ್ಲಿ ದಾಸರು ಕಾಲವಾದರು. ಅವರ ಪಾಠ ನಿಲ್ಲಲಿಲ್ಲ. ಸಂಗೀತಾಭ್ಯಾಸವನ್ನು ಮಾಯಾಮಾಳವಗೌಳ ರಾಗದಿಂದ ಆರಂಭಿಸುವ ಕ್ರಮ ಅವರದೆಂಬುದು ಪರಂಪರೆಯ ನಂಬಿಕೆ. ಆ ರಾಗದಲ್ಲಿ ಷಡ್ಜದಿಂದ ಮಧ್ಯಮದವರೆಗಿನ ಸ್ವರಾಂತರಗಳೇ ಪಂಚಮದಿಂದ ತಾರಷಡ್ಜದವರೆಗೂ ಮರುಕಳಿಸುತ್ತವೆ. ಅರ್ಧ ಕಲಿತ ಮಗುವಿಗೆ ಉಳಿದರ್ಧ ಸುಲಭವಾಗಿ ಒಲಿಯುತ್ತದೆ. ಎಳೆಯರ ಮನಸ್ಸನ್ನು ಬಲ್ಲ ಗುರುವಿನ ಯೋಜನೆಯಿದು.

ಸರಳೆ, ಜಂಟಿವರಸೆ, ಅಲಂಕಾರಗಳ ತರುವಾಯ ಮಲಹರಿ ರಾಗದ ಪಿಳ್ಳಾರಿ ಗೀತೆಗಳು. ತಿರುವೈಯಾರಿನ ತ್ಯಾಗರಾಜರು ತಮ್ಮ 'ಪ್ರಹ್ಲಾದ ಭಕ್ತಿ ವಿಜಯ'ದಲ್ಲಿ ದಾಸರನ್ನು ಸ್ತುತಿಸಿದ್ದಾರೆ. ಇಂದಿಗೂ ಸೇಲಂ, ಧರ್ಮಪುರಿಗಳಲ್ಲಿ ಸಂಗೀತ ಕಲಿಯುವ ತಮಿಳು ಮಗು ಈ ಗೀತೆಗಳ ಮೂಲಕ ಕನ್ನಡ ನುಡಿಯುತ್ತದೆ.

ಹಾಡುವ ಆ ಮಗು ಅರ್ಥ ಕೇಳಿದರೆ ಹೇಳಬೇಕಾದವರು ಯಾರು? ನಾವೇ. ಆದರೆ ಕನ್ನಡ ತರಗತಿಯ ಬೆಂಚುಗಳು ಬರಿದಾದರೆ, ನಮ್ಮ ಮಕ್ಕಳೂ ಅರ್ಥವರಿಯದೆ ಹಾಡುವ ದಿನ ಬಂದೀತು.

ಕೆರೆಯಿಂದ ಮೊಗೆದ ನೀರನ್ನು ಕೆರೆಗೇ ಅರ್ಪಿಸುವ ಮಾತು ಆ ಗೀತೆಗಳಲ್ಲೊಂದರಲ್ಲಿದೆ. ಮಕ್ಕಳೇ, ನೀವು ಇಲ್ಲಿ ಮೊಗೆದದ್ದು ಅಕ್ಷರ. ನಾಳೆ ನಿಮ್ಮ ಮಕ್ಕಳ ಕೈಹಿಡಿದು ಈ ಬಾಗಿಲಿಗೆ ಬನ್ನಿ, ಕೆರೆ ತುಂಬಿರಲಿ.