ಬಿಚ್ಚಿ ಕಟ್ಟುವ ಮನೆಸಾಮಾನು

(ಉಚಿತ ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ಕೂಟದಲ್ಲಿ ಸಾಹಿತ್ಯ, ಸಂಗೀತ, ಸಮಾಜಗಳನ್ನು ಕುರಿತು ಬೇಕಾದಷ್ಟು ಭಾಷಣಗಳಾಗಿವೆ. ಇಂದು ನಾವು ಎತ್ತಿಕೊಂಡಿರುವ ವಿಷಯ ಬಹಳ ಸಣ್ಣದು. ಪೆಟ್ಟಿಗೆಯಲ್ಲಿ ಬರಿಯ ಹಲಗೆಗಳಾಗಿ ಬಂದು, ಮನೆಯಲ್ಲಿ ನಮ್ಮ ಕೈಯಿಂದಲೇ ಕಪಾಟೋ ಮಂಚವೋ ಆಗಬೇಕಾದ ಸಾಮಾನಿನ ವಿಷಯ. ಸಣ್ಣದೆಂದು ಹೇಳಿದೆವಾದರೂ ಅದರೊಳಗೆ ಮಕ್ಕಳ ಪ್ರಾಣದ ಮಾತೊಂದಿದೆ. ಅದಕ್ಕೆ ಆಮೇಲೆ ಬರುತ್ತೇವೆ.

ಮುಂಬಯಿಗೆ ಬಂದ ನಮ್ಮ ಹಿರಿಯರಿಗೆ ಈ ಪ್ರಶ್ನೆಯೇ ಇರಲಿಲ್ಲ. ಒಂದು ಟ್ರಂಕು, ಒಂದು ಹಾಸಿಗೆಯ ಸುರುಳಿ. ಹೊಟೇಲಿನಲ್ಲಿ ಕೆಲಸಕ್ಕಿದ್ದವರಿಗಾದರೋ ಗಿರಾಕಿಗಳೆಲ್ಲ ಹೋದ ಮೇಲೆ ಮೇಜೇ ಮಂಚ. ಸಂಸಾರ ಕರೆತಂದವರು ಚಾಳಿನ ಖೋಲಿ ಹಿಡಿದರು. ವರಳಿ, ನಾಯಗಾಂವಗಳ ಬಿ.ಡಿ.ಡಿ. ಚಾಳುಗಳಲ್ಲಿ ಒಂದು ಖೋಲಿ ಎಂದರೆ 160 ಚದರ ಅಡಿ. ಮಂಚದ ಕಾಲುಗಳಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿ, ಮೇಲೊಬ್ಬರು ಕೆಳಗಿಬ್ಬರು ಮಲಗಿ ಸಂಸಾರ ನಡೆಸಿದರು. 2025ರ ಆಗಸ್ಟಿನಲ್ಲಿ ವರಳಿಯ ಆ ಚಾಳುಗಳ ಮೊದಲ 556 ಕುಟುಂಬಗಳಿಗೆ 500 ಚದರ ಅಡಿಯ ಹೊಸ ಮನೆಗಳ ಬೀಗದ ಕೈ ದೊರೆಯಿತು. ಅವರ ಭಾಗ್ಯ. ನಮ್ಮಲ್ಲಿ ಬಹುಮಂದಿಗೆ ದಕ್ಕುವುದು ಡೊಂಬಿವಲಿ, ಕಳವಾ, ನಾಲಾಸೋಪಾರಾಗಳ ಕಡೆ ಹನ್ನೊಂದು ತಿಂಗಳ ಕರಾರಿನ ಬಾಡಿಗೆ ಮನೆ. ಕರಾರು ಮುಗಿದಾಗ ಮಾಲಿಕನು ಬಾಡಿಗೆ ಏರಿಸಿದರೆ ಗಂಟು ಕಟ್ಟತಕ್ಕದ್ದೇ. ಆದುದರಿಂದಲೇ ಬಿಚ್ಚಿ ಕಟ್ಟುವ ಸಾಮಾನು ನಮ್ಮಂಥವರಿಗೆ ಹೇಳಿ ಮಾಡಿಸಿದ್ದು ಎಂದು ಮೊದಲ ನೋಟಕ್ಕೆ ತೋರುತ್ತದೆ. ಅದು ಅರ್ಧ ನಿಜ.

ಕಲ್ಪನೆಯೇನೂ ಹೊಸದಲ್ಲ. ವಿಯೆನ್ನಾದ ಟೋನೆಟ್ ಎಂಬ ಕುಶಲಿ 1859ರಲ್ಲಿ ಒಂದು ಕುರ್ಚಿ ಮಾಡಿದನು. ಉಗಿಯಲ್ಲಿ ಬಾಗಿಸಿದ ಮರದ ಆರು ತುಂಡುಗಳು, ಹತ್ತು ಸ್ಕ್ರೂ, ಎರಡು ನಟ್ಟು. ಬಿಚ್ಚಿಟ್ಟರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿಗಳು ಹಿಡಿಸುತ್ತಿದ್ದವು. ಮುಂಬಯಿಯ ಹಳೆಯ ಇರಾಣಿ ಹೊಟೇಲುಗಳಲ್ಲಿ ಬ್ರುನ್ ಮಸ್ಕಾ ತಿನ್ನುತ್ತ ನಾವು ಕುಳಿತ ಬಾಗುಮರದ ಕುರ್ಚಿಗಳು ಅದೇ ಕುಲದವು. ಸ್ವೀಡನ್ನಿನಲ್ಲಿ 1943ರಲ್ಲಿ ಹುಟ್ಟಿದ ಐಕಿಯಾ ಕಂಪೆನಿ 1950ರ ದಶಕದಲ್ಲಿ ಈ ಮಾರ್ಗ ಹಿಡಿಯಿತು. ಕಾರಿನೊಳಗೆ ಹಿಡಿಸದ ಮೇಜಿನ ಕಾಲುಗಳನ್ನು ಒಬ್ಬ ನೌಕರ ಕಳಚಿದ್ದೇ ಮೊದಲು ಎಂದು ಅವರೇ ಹೇಳಿಕೊಳ್ಳುತ್ತಾರೆ. 2018ರಲ್ಲಿ ಹೈದರಾಬಾದಿಗೂ, 2020ರ ಡಿಸೆಂಬರದಲ್ಲಿ ನವಿ ಮುಂಬಯಿಯ ತುರ್ಭೆಗೂ ಅದರ ಅಂಗಡಿ ಬಂದಿತು. ಈಗ ದೇಶೀ ಕಂಪೆನಿಗಳೂ ಫೋನಿನಲ್ಲಿ ಹೇಳಿದರೆ ಹಲಗೆ ಪೆಟ್ಟಿಗೆಯನ್ನು ಬಾಗಿಲಿಗೆ ತಂದಿಳಿಸುತ್ತವೆ.

ಇದು ನಮಗೆ ಒಗ್ಗದ ವಿದ್ಯೆಯೆಂದು ಹೆದರಬೇಕಾಗಿಲ್ಲ. ಊರಿನಲ್ಲಿ ಡೇರೆ ಮೇಳದ ಆಟ ನೋಡಿದವರು ನೆನಪಿಸಿಕೊಳ್ಳಿ: ಸಂಜೆಗೆ ಬರಿಯ ಗದ್ದೆ, ರಾತ್ರಿಗೆ ರಂಗಸ್ಥಳ, ಬೆಳಗಾಗುವಾಗ ಮತ್ತೆ ಗದ್ದೆ. ಯಾವ ಕಂಬ ಯಾವ ಗುಳಿಗೆ, ಯಾವ ಹಗ್ಗ ಯಾವ ಗೂಟಕ್ಕೆ ಎಂಬುದು ಮೇಳದ ಆಳುಗಳಿಗೆ ಬಾಯಿಪಾಠ. ಪೆಟ್ಟಿಗೆಯೊಡನೆ ಬರುವ ಹಾಳೆಯಲ್ಲಿಯೂ ಹೆಚ್ಚಾಗಿ ಚಿತ್ರಗಳೇ. ಇಂಗ್ಲಿಷು ಬಾರದವನೆಂಬ ಸಂಕೋಚ ಅಲ್ಲಿ ಸಲ್ಲದು; ಆಫೀಸಿನ ಸಾಹೇಬನೂ ನಾವೂ ಅದರ ಮುಂದೆ ಸಮಾನರು.

ಕೊಳ್ಳುವುದಕ್ಕೆ ಮೊದಲೇ ಅಳತೆಪಟ್ಟಿ ಹಿಡಿಯಬೇಕು. ಗೋಡೆಯ ಅಗಲ ಅಳೆಯುವವರುಂಟು, ಎತ್ತರವನ್ನು ಮರೆಯುತ್ತಾರೆ. ಕಪಾಟನ್ನು ನೆಲದ ಮೇಲೆ ಮಲಗಿಸಿ ಜೋಡಿಸಿ ಆಮೇಲೆ ಎತ್ತಿ ನಿಲ್ಲಿಸುವುದು ವಾಡಿಕೆ. 7 ಅಡಿ ಎತ್ತರ, 2 ಅಡಿ ಆಳದ ಕಪಾಟು ಏಳುವಾಗ ಅದರ ಮೂಲೆ 7 ಅಡಿ 3 ಅಂಗುಲಕ್ಕೂ ಮೇಲೆ ಹೋಗುತ್ತದೆ. ತಲೆಯ ಮೇಲೆ ಪೋಟಮಾಳದ ಅಟ್ಟವಿರುವ ಖೋಲಿಯಲ್ಲಿ ಕಪಾಟು ಅರ್ಧಕ್ಕೆ ಎದ್ದು ಅಟ್ಟಕ್ಕೆ ತಗಲಿ ನಿಂತುಬಿಡುತ್ತದೆ; ನೇರವಾಗಿ ನಿಲ್ಲಲು ಜಾಗವಿದ್ದರೂ ಏಳಲು ಜಾಗವಿಲ್ಲ.

ಪೆಟ್ಟಿಗೆ ಒಡೆದ ಮೇಲೆ ಸ್ಕ್ರೂಗಳನ್ನು ಬಟ್ಟಲುಗಳಲ್ಲಿ ಬೇರೆ ಬೇರೆ ಎಣಿಸಿಡಿ. ಬಹಳ ಜನರನ್ನು ಸತಾಯಿಸುವುದು ದುಂಡು ಬಿಲ್ಲೆಯ ಕೀಲು. ಒಂದು ಹಲಗೆಯಿಂದ ಹೊರಚಾಚಿದ ಲೋಹದ ಕಡ್ಡಿಯ ತಲೆಯನ್ನು ಇನ್ನೊಂದು ಹಲಗೆಯೊಳಗಿನ ಬಿಲ್ಲೆ ಹಿಡಿದೆಳೆಯುತ್ತದೆ. ಬಿಲ್ಲೆಯ ಮೇಲಿನ ಬಾಣದ ಗುರುತು ಕಡ್ಡಿ ಬರುವ ಅಂಚಿನತ್ತ ಮುಖ ಮಾಡಿರಬೇಕು. ಆಮೇಲೆ ಸುಮಾರು ಅರ್ಧ ಸುತ್ತು ತಿರುಗಿಸಿದರೆ ಸಾಕು. ಬಾಣ ತಪ್ಪಿದ್ದರೆ ಎಷ್ಟು ತಿರುಗಿಸಿದರೂ ಹಿಡಿಯದು. ಬಲ ಹೆಚ್ಚು ಹಾಕಿದರೆ ಹಲಗೆಯೇ ಸಿಡಿಯುತ್ತದೆ.

ಇನ್ನೊಂದು ಮಾತು ಹಿಂಬದಿಯ ತೆಳು ಹಲಗೆಯದು. ರಟ್ಟಿನಂತಿರುವ ಇದರಿಂದೇನು ಪ್ರಯೋಜನ, ಗೋಡೆಗೆ ಒರಗಿಸುವುದೇ ತಾನೆ, ಎಂದು ಅದನ್ನು ಬದಿಗಿಡುವ ಜಾಣರಿದ್ದಾರೆ. ವಾಸ್ತವದಲ್ಲಿ ಕಪಾಟಿನ ಬೆನ್ನೆಲುಬೇ ಅದು. ನಾಲ್ಕು ಹಲಗೆಗಳ ಚೌಕಟ್ಟು ಎಷ್ಟು ಬಿಗಿದರೂ ಪಕ್ಕಕ್ಕೆ ವಾಲುತ್ತದೆ. ಹಿಂಬದಿಯಲ್ಲಿ ಹಲಗೆ ಜಡಿದಾಗಲೇ ವಾಲುವುದು ನಿಲ್ಲುತ್ತದೆ. ಜಡಿಯುವ ಮೊದಲು ಒಂದು ದಾರದಿಂದ ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. ಎರಡೂ ಸಮವಾದರೆ ಚೌಕಟ್ಟು ನೆಟ್ಟಗಿದೆ. ಇಲ್ಲವಾದರೆ ಮುಂದೆ ಬಾಗಿಲುಗಳು ಮುಚ್ಚಿಕೊಳ್ಳುವುದಿಲ್ಲ, ಮನೆಯವರು ಕಂಪೆನಿಯನ್ನು ಬಯ್ಯುತ್ತಾರೆ.

ಅರ್ಧ ನಿಜವೆಂದೆವಷ್ಟೆ. ಅಗ್ಗದ ಸಾಮಾನಿನ ಹಲಗೆ ಬಹುಮಟ್ಟಿಗೆ ಮರದ ಹೊಟ್ಟು, ಚಕ್ಕೆಗಳನ್ನು ಅಂಟಿನಲ್ಲಿ ಒತ್ತಿ ಮಾಡಿದ್ದು. ಅಂಚಿನೊಳಗೆ ನೀರು ಹೊಕ್ಕರೆ ಉಬ್ಬುತ್ತದೆ, ಒಣಗಿಸಿದರೂ ಮೊದಲಿನಂತಾಗದು. 2005ರ ಜುಲೈ 26ರಂದು ಸಾಂತಾಕ್ರೂಝದಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ಊರು ಇದು. ಅಂಥ ದಿನ ಬೇಕಾಗಿಯೂ ಇಲ್ಲ. ನೆಲಮಾಳಿಗೆಯ ಮನೆಗೆ ಆಷಾಢದ ನಾಲ್ಕು ಬೆರಳು ನೀರೇ ಸಾಕು. ಆದ್ದರಿಂದ ಕಾಲುಳ್ಳ ಸಾಮಾನನ್ನೇ ಆರಿಸಿ, ಒದ್ದೆಗೋಡೆಯಿಂದ ಎರಡು ಬೆರಳು ದೂರವಿಡಿ. ಇನ್ನು ಬಿಚ್ಚುವ ವಿಚಾರ: ಈ ಹಲಗೆಯಲ್ಲಿ ಸ್ಕ್ರೂ ಮೊದಲ ಸಲ ಹಿಡಿದಂತೆ ಎರಡನೆಯ ಸಲ ಹಿಡಿಯುವುದಿಲ್ಲ, ಮೂರನೆಯ ಸಲ ಸಡಿಲ. ವರ್ಷಕ್ಕೊಮ್ಮೆ ಮನೆ ಬದಲಿಸುವವರು ನಟ್ಟು ಬೋಲ್ಟಿನ ಕಬ್ಬಿಣದ ಮಂಚ, ಕಬ್ಬಿಣದ ಕಪಾಟುಗಳನ್ನೇ ನಂಬುವುದು ಮೇಲು. ಸ್ವಂತ ಮನೆಯವರಿಗೆ ಒತ್ತುಹಲಗೆ ನಡೆದೀತು. ಅಂಗಡಿಯವರು ಈ ಭೇದವನ್ನು ಹೇಳುವುದಿಲ್ಲ. ಹೇಳಬೇಕಾದ ಕೆಲಸವೂ ಅವರದಲ್ಲವೆನ್ನಿ.

ಇನ್ನು ಮುಖ್ಯ ವಿಷಯ. ಸೆಳೆಖಾನೆಗಳ ಕಪಾಟಿನ ಪೆಟ್ಟಿಗೆಯಲ್ಲಿ ಗೋಡೆಗೆ ಕಟ್ಟುವ ಒಂದು ಪಟ್ಟಿ ಅಥವಾ ಕೊಕ್ಕೆ ಇರುತ್ತದೆ. ಕಟ್ಟದಿದ್ದರೆ ಏನಾಗುತ್ತದೆ? ಮಗು ಸೆಳೆಖಾನೆಗಳನ್ನು ಹೊರಗೆಳೆದು ಮೆಟ್ಟಲೆಂದು ಹತ್ತುತ್ತದೆ; ಭಾರವೆಲ್ಲ ಮುಂದಕ್ಕೆ ಬಂದು ಕಪಾಟು ಮಗುವಿನ ಮೇಲೆಯೇ ಕವಿಯುತ್ತದೆ. ಅಮೇರಿಕದಲ್ಲಿ ಹೀಗೆ ಮಕ್ಕಳು ಸತ್ತ ಮೇಲೆ 2016ರಲ್ಲಿ ಐಕಿಯಾ ಕಂಪೆನಿ ಸುಮಾರು 2 ಕೋಟಿ 90 ಲಕ್ಷ ಕಪಾಟುಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ತಂದೆತಾಯಿಗಳಿಬ್ಬರೂ ಲೋಕಲ್ ಹಿಡಿದು ಕೆಲಸಕ್ಕೆ ಹೋಗಿ, ಎಂಟು ವರ್ಷದ ಅಕ್ಕ ಎರಡು ವರ್ಷದ ತಮ್ಮನನ್ನು ನೋಡಿಕೊಳ್ಳುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ?

ಆದರೆ ಮಾಲಿಕನು ಗೋಡೆಗೆ ತೂತು ಕೊರೆಯಬಾರದೆನ್ನುತ್ತಾನೆ, ಡಿಪಾಜಿಟ್ಟಿನಲ್ಲಿ ಕಡಿಯುತ್ತೇನೆನ್ನುತ್ತಾನೆ. ಈ ಭಯದಿಂದ ಪಟ್ಟಿಯನ್ನು ಎಸೆದವರು ಕೆಲವರಲ್ಲ. ಕರಾರಿಗೆ ಸಹಿ ಹಾಕುವ ದಿನವೇ ಎರಡು ತೂತುಗಳ ಅನುಮತಿಯನ್ನು ಬರೆಯಿಸಿಕೊಳ್ಳಿ. ಬಿಡುವಾಗ ಬಿಳಿ ಸಿಮೆಂಟಿನಿಂದ ಮುಚ್ಚಿಕೊಡುತ್ತೇವೆಂದು ಹೇಳಿ. ಒಪ್ಪದಿದ್ದರೆ ಎತ್ತರದ ಸೆಳೆಖಾನೆ ಕಪಾಟು ಆ ಮನೆಗೆ ಬೇಡ, ಟ್ರಂಕೇ ಸಾಕು. ಕೊರೆಯುವಾಗ ಸ್ವಿಚ್ಚಿನ ನೇರ ಮೇಲೆ ಕೆಳಗೆ ಕೊರೆಯಬಾರದು, ಅಲ್ಲಿ ತಂತಿ ಇರುತ್ತದೆ. ಇಟ್ಟಿಗೆಗೊಂದು, ಕಾಂಕ್ರೀಟಿಗೊಂದು, ಹೊಸ ಕಟ್ಟಡಗಳ ಹಗುರ ಬ್ಲಾಕಿಗೊಂದು ಬಗೆಯ ಪ್ಲಗ್ಗು ಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಗೋಡೆ ಯಾವುದೆಂದು ಹೇಳಿ ಕೇಳಿರಿ.

ಕೊರೆಯುವ ಯಂತ್ರ ಎಲ್ಲಿಂದ ತರುವುದು ಎಂದು ಕೇಳುವಿರಿ. ಒಂದು ಸಂಸಾರಕ್ಕೆ ಅದು ವರ್ಷಕ್ಕೆ ಹತ್ತು ನಿಮಿಷದ ಕೆಲಸದ ವಸ್ತು. ಪ್ರತಿಯೊಬ್ಬರೂ ಕೊಳ್ಳುವುದು ದುಂದು. ಆದುದರಿಂದ ವ್ಯವಸ್ಥಾಪಕರ ಮುಂದೆ ಒಂದು ಬಿನ್ನಹ: ಈ ವಾಚನಾಲಯದ ಕಪಾಟಿನ ಕೆಳಗಿನ ಅರೆಯಲ್ಲಿ ಒಂದು ಡ್ರಿಲ್ ಯಂತ್ರ, ಒಂದು ಅಳತೆಪಟ್ಟಿ, ಒಂದು ಮಟ್ಟಗೋಲು, ಸ್ಕ್ರೂಡ್ರೈವರುಗಳ ಒಂದು ಜೊತೆ ಇರಲಿ. ಪುಸ್ತಕಕ್ಕಿರುವಂತೆಯೇ ಠೇವಣಿ ಇಟ್ಟು ಶನಿವಾರ ಒಯ್ದು ಸೋಮವಾರ ಮರಳಿಸುವ ನಿಯಮವಿರಲಿ. ಪುಸ್ತಕ ಕೊಡುವ ರಿಜಿಸ್ಟರಿನಲ್ಲೇ ಹಿಂಬದಿಯಿಂದ ಒಂದು ಪುಟ ತೆರೆದರಾಯಿತು.